ವಾಸಿಯಾಗಿದ್ದ ಬಲಗೈ

ನನ್ನ ಬಲಗೈ ಪೂರ್ತಿ ವಾಸಿಯಾದ ಮೇಲೂ, ವಾಸಿಯಾಗಿಲ್ಲವೆಂದು ಏಳು ವಾರ ನನ್ನ ಹೆಂಡತಿಗೆ ಸುಳ್ಳು ಹೇಳಿದೆ. ದಿನವೂ ಅವಳೇ ನನ್ನ ಗಡ್ಡ ಮಾಡಲಿ ಎಂಬ ಆಸೆಗೆ ಹೇಳಿದ ಸುಳ್ಳು ಅದು. ಆ ಏಳು ವಾರದಲ್ಲಿ ಅವಳು ಕಳೆದುಕೊಂಡದ್ದನ್ನು ನಾನು ಯಾವ ಜನ್ಮದಲ್ಲೂ ತಂದುಕೊಡಲಾರೆ.

ಹೇಳಿಬಿಟ್ಟೆ. ಮೂರು ವರ್ಷ ಈ ಮೂರು ವಾಕ್ಯಗಳು ಗಂಟಲಿನಿಂದ ಮೇಲೆ ಬಂದಿರಲಿಲ್ಲ.

ನಾವಿರುವುದು ಬನಶಂಕರಿಯಲ್ಲಿ, ಒಂದು ಮನೆಯ ಕೆಳಗಿನ ಅಂತಸ್ತಿನಲ್ಲಿ. ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತನಾದವನು ನಾನು. ಹೆಂಡತಿ ನಾಗರತ್ನ — ನನಗೆ ರತ್ನ. ಒಬ್ಬಳೇ ಮಗಳು ವಿದ್ಯಾ, ತಲಘಟ್ಟಪುರದಲ್ಲಿ ಗಂಡ ಮಕ್ಕಳ ಜೊತೆ ಇದ್ದಾಳೆ. ಭಾನುವಾರ ಬಂದು ಹೋಗುತ್ತಾಳೆ. ರತ್ನ ಮತ್ತು ನಾನು ಜಗಳ ಆಡುವವರಲ್ಲ. ಆದರೆ ಮಾತೂ ಇರಲಿಲ್ಲ. ‘ಕಾಫಿ ಇಟ್ಟಿದೀನಿ’, ‘ಗ್ಯಾಸ್ ಬುಕ್ ಮಾಡಿದ್ರಾ’ — ದಿನಕ್ಕೆ ಇಂಥವು ಏಳೆಂಟು. ವಯಸ್ಸಾದ ಮೇಲೆ ಎಲ್ಲರ ಮನೆಯೂ ಹೀಗೆಯೇ ಎಂದುಕೊಂಡಿದ್ದೆ. ಕಾರಣ ನಾನೇ ಎಂದು ತಿಳಿಯಲು ನನ್ನ ಕೈ ಮುರಿಯಬೇಕಾಯಿತು.

ಆ ಆಷಾಢದಲ್ಲಿ ಸಾರಕ್ಕಿ ಮಾರ್ಕೆಟ್ಟಿನ ಹತ್ತಿರ, ಚರಂಡಿಯ ಮೇಲಿನ ಚಪ್ಪಡಿ ಅಲುಗಾಡಿ, ತರಕಾರಿ ಚೀಲದ ಸಮೇತ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್ ಎಂದರು.

ಊಟ, ಬಟ್ಟೆ ಹೇಗೋ ನಡೆಯುತ್ತಿತ್ತು. ಕಷ್ಟವಾದದ್ದು ಗಡ್ಡ. ನನ್ನದು ಹಳೇ ಪದ್ಧತಿ — ಶೇವಿಂಗ್ ಸ್ಟಿಕ್ಕು, ಬ್ರಷ್ಷು, ಬ್ಲೇಡು ಹಾಕುವ ರೇಜರ್. ಸ್ಟಿಕ್ ಎಂದರೆ ಹೆಬ್ಬೆರಳು ಗಾತ್ರದ ಉರುಟು ಸೋಪು. ಮುಖವನ್ನು ಬಿಸಿನೀರಿನಲ್ಲಿ ಒದ್ದೆ ಮಾಡಿಕೊಂಡು ಅದನ್ನು ನೇರವಾಗಿ ಗಡ್ಡದ ಮೇಲೆ ಉಜ್ಜಬೇಕು. ಆಮೇಲೆ ಒದ್ದೆ ಬ್ರಷ್ಷಿನಿಂದ ತಿರುವುತ್ತಾ ಹೋದರೆ ನೊರೆ ಮುಖದ ಮೇಲೇ ಹುಟ್ಟುತ್ತದೆ. ನನ್ನ ತಂದೆ ಹಾಗೆ ಮಾಡಿಕೊಳ್ಳುತ್ತಿದ್ದರು, ನಾನೂ ಹಾಗೆಯೇ. ಬೀದಿ ಕೊನೆಯ ಸಲೂನಿಗೆ ಒಮ್ಮೆ ಹೋದೆ. ಅವನು ಡಬ್ಬಿಯಿಂದ ಒತ್ತಿದ ಫೋಮ್ ಹಚ್ಚಿದ. ಮಾರನೇ ದಿನ ಕುತ್ತಿಗೆಯ ತುಂಬ ಕೆಂಪು ಗುಳ್ಳೆ.

“ಅಯ್ಯೋ, ನಾನೇ ಮಾಡ್ತೀನಿ ಬನ್ನಿ, ಅದೇನ್ ಮಹಾ ವಿದ್ಯೆ,” ಎಂದಳು ರತ್ನ.

ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ನನ್ನ ರೇಜರ್ ಮುಟ್ಟಿದವಳಲ್ಲ. ಹಿತ್ತಿಲ ಬಾಗಿಲ ಬಳಿ ಬೆಳಕಿರುವ ಕಡೆ ಕುರ್ಚಿ ಹಾಕಿ ಕೂರಿಸಿದಳು. ಮೊದಲ ದಿನ ಸ್ಟಿಕ್ಕನ್ನು ನನ್ನ ಕೆನ್ನೆಗೆ ಉಜ್ಜುವ ಬದಲು ಬ್ರಷ್ಷಿಗೆ ಉಜ್ಜಿದಳು. ನೀರು ಜಾಸ್ತಿಯಾಗಿ ಬನಿಯನ್ನು ತೊಯ್ದು ಹೋಯಿತು. ನಾನು ತಿದ್ದಿ ಹೇಳಿಕೊಟ್ಟೆ — ಒಣಗಲು ಬಿಡಬೇಡ, ಕೂದಲಿಗೆ ಎದುರಾಗಿ ಉಜ್ಜು, ಒತ್ತಬೇಡ. ಸ್ಟಿಕ್ ಉಜ್ಜುವಾಗ ಗಡ್ಡಕ್ಕೆ ಸೋಪು ಪುಡಿಪುಡಿಯಾಗಿ ಅಂಟಿಕೊಳ್ಳುವುದನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

“ಇದು ಕಾಯಿ ತುರಿದ ಹಾಗೇ ಇದೆ ರೀ! ನಿಮ್ ಗಡ್ಡನೇ ತುರಿಮಣೆ.”

ನಾಲ್ಕೈದು ದಿನದಲ್ಲಿ ಕೈ ಪಳಗಿತು. ಹಾಲಿನ ಕೆನೆಯಂಥ ನೊರೆ ಬರತೊಡಗಿತು. ಎಡಗೈ ಬೆರಳುಗಳಿಂದ ನನ್ನ ಗಲ್ಲ ಎತ್ತಿ ಹಿಡಿದು, ಉಸಿರು ಬಿಗಿಹಿಡಿದು, ರೇಜರನ್ನು ಕೆಳಗೆ ಎಳೆಯುತ್ತಿದ್ದಳು. ಅವಳ ಮುಖ ಅಷ್ಟು ಹತ್ತಿರ ಬಂದು ಎಷ್ಟು ವರ್ಷವಾಗಿತ್ತೋ — ಎಡಹುಬ್ಬಿನ ಕೊನೆಯಲ್ಲಿ ಒಂದು ಚಿಕ್ಕ ಮಚ್ಚೆ ಇದೆ ಎಂಬುದೇ ನನಗೆ ಮರೆತುಹೋಗಿತ್ತು.

ಒಂದು ಬೆಳಗ್ಗೆ ಅವಳು ಏನೋ ಹೇಳತೊಡಗಿದಳು. ತುಮಕೂರಿನ ಅವರ ಹಳೇ ಮನೆಯ ವಿಷಯ. ನಾನು ಅಭ್ಯಾಸಬಲದಿಂದ ತಿದ್ದಲು ಬಾಯಿ ತೆರೆದೆ. “ಮಾತಾಡ್ಬೇಡಿ, ಕುಯ್ದುಬಿಡ್ತೀನಿ,” ಎಂದಳು. ಬಾಯಿ ಮುಚ್ಚಿದೆ. ಅವಳು ಮುಂದುವರಿಸಿದಳು.

ಆಗ ಹೊಳೆಯಿತು. ಇಷ್ಟು ವರ್ಷ ಅವಳು ಏನು ಹೇಳಲು ಹೊರಟರೂ ನಾನು ನಡುವೆ ಬಾಯಿ ಹಾಕುತ್ತಿದ್ದೆ. ‘ಅದು ಮಂಗಳವಾರ ಅಲ್ಲ, ಬುಧವಾರ’, ‘ಆ ರಸ್ತೆ ಅಲ್ಲ, ಅದರ ಪಕ್ಕದ್ದು’. ಅಳತೆ ತಪ್ಪಿದರೆ ಸಹಿಸದ ನಕ್ಷೆಯವನ ಬುದ್ಧಿ. ಅವಳು ಎಂದೋ ಸುಮ್ಮನಾಗಿದ್ದಳು. ನಾನು ಗಮನಿಸಿರಲೂ ಇಲ್ಲ. ಈಗ ನೊರೆ ಮೆತ್ತಿದ ತುಟಿ, ಗಂಟಲ ಮೇಲೆ ಬ್ಲೇಡು — ಕೇಳದೆ ವಿಧಿಯಿರಲಿಲ್ಲ. ಮತ್ತೆ, ಕೇಳುವುದು ಎಷ್ಟು ಹಿತವಾಗಿತ್ತು!

ಅವಳ ಮಾತೆಲ್ಲ ಸುತ್ತಿ ಸುತ್ತಿ ಅಕ್ಕನ ಬಳಿಗೇ ಬರುತ್ತಿತ್ತು. ಕಮಲಕ್ಕ, ಅವಳಿಗಿಂತ ಒಂಬತ್ತು ವರ್ಷ ದೊಡ್ಡವರು, ಮದುವೆಯಾಗಿ ಹುಬ್ಬಳ್ಳಿಗೆ ಹೋದವರು. ರತ್ನ ಹುಟ್ಟಿದ ಮೇಲೆ ಅವರಮ್ಮ ಹಾಸಿಗೆ ಹಿಡಿದರಂತೆ. ಕಮಲಕ್ಕ ಶಾಲೆ ಬಿಟ್ಟು ತಂಗಿಯನ್ನು ಸೊಂಟದ ಮೇಲೆ ಹೊತ್ತೇ ಬೆಳೆಸಿದರಂತೆ. ಮೊರದಲ್ಲಿ ರಾಗಿ ಹರಡಿ, ಅದರ ಮೇಲೆ ಬೆರಳು ಹಿಡಿಸಿ ಅಕ್ಷರ ತಿದ್ದಿಸಿದರಂತೆ. ಅಕ್ಕನ ಮದುವೆಯಾಗಿ ದಿಬ್ಬಣದ ಬಸ್ಸು ಹುಬ್ಬಳ್ಳಿಗೆ ಹೊರಟಾಗ ಒಂಬತ್ತು ವರ್ಷದ ರತ್ನ ಕೊನೆಯ ಸೀಟಿನ ಕೆಳಗೆ ಅವಿತು ಕೂತಳಂತೆ! “ಸಿರಾ ದಾಟಿದ್ಮೇಲೆ ಒಂದು ಸೀನು ಬಂತು ನೋಡಿ…” ಎನ್ನುವಷ್ಟರಲ್ಲಿ ಗಡ್ಡ ಮುಗಿದಿತ್ತು. “ಏಳಿ ಏಳಿ, ಒಲೆ ಮೇಲೆ ಹಾಲಿದೆ. ನಾಳೆ ಹೇಳ್ತೀನಿ.”

ಅದೇ ದಿನ ಹತ್ತು ಗಂಟೆಗೆ ಜೆ.ಪಿ. ನಗರದಲ್ಲಿ ಫಿಸಿಯೋಥೆರಪಿ ಇತ್ತು. ಪ್ಲಾಸ್ಟರ್ ಬಿಚ್ಚಿ ಆಗಲೇ ಒಂದು ತಿಂಗಳು. ಅಲ್ಲಿನ ಹುಡುಗಿ ನನ್ನ ಮಣಿಕಟ್ಟನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

“ಸೂಪರ್ ಅಂಕಲ್. ಕೈ ಫುಲ್ ಸರಿಹೋಯ್ತು. ಇನ್ಮೇಲೆ ಇಲ್ಲಿಗೆ ಬರೋದ್ ಬೇಡ, ನಿಮ್ ಕೆಲ್ಸ ಎಲ್ಲ ನೀವೇ ಮಾಡ್ಕೊಳ್ಳಿ.”

ದಸರೆಗೆ ಇನ್ನೂ ವಾರವಿತ್ತು. ಮನೆಗೆ ಬಂದೆ. “ಏನಂದ್ರು?” ಎಂದು ಒಳಗಿನಿಂದಲೇ ಕೇಳಿದಳು.

“ಇನ್ನೂ ಹಿಡಿತ ಬಂದಿಲ್ಲ. ಸ್ವಲ್ಪ ದಿನ ಬೇಕಂತೆ.”

ಮುಂಚೆ ಯೋಚಿಸಿ ಹೇಳಿದ್ದಲ್ಲ — ಎಂದು ಹೇಳಬಹುದು. ಆದರೆ ಮರುದಿನ, ಅದರ ಮರುದಿನ ಹೇಳಿದ್ದೆಲ್ಲ ಯೋಚಿಸಿಯೇ. ಅವಳು ತರಕಾರಿಗೆ ಹೋದಾಗ ಒಮ್ಮೆ ಪೆನ್ಸಿಲ್ ತೆಗೆದು, ಸ್ಕೇಲಿಲ್ಲದೆ ಕಾಗದದ ಮೇಲೆ ಉದ್ದಕ್ಕೊಂದು ಗೆರೆ ಎಳೆದೆ. ಎಲ್ಲೂ ನಡುಗಲಿಲ್ಲ. ರಬ್ಬರಿನಿಂದ ಅಳಿಸಿ, ಅವಳು ಬಂದಾಗ ಎಡಗೈಯಲ್ಲಿ ಚಮಚ ಹಿಡಿದು ಉಪ್ಪಿಟ್ಟು ತಿನ್ನುತ್ತಾ ಕೂತಿದ್ದೆ. ನನ್ನ ಅಂಗಿಯ ಗುಂಡಿಯನ್ನು ಅವಳೇ ಹಾಕುತ್ತಿದ್ದಳು. ನಾಚಿಕೆಯಾಗುತ್ತಿತ್ತು — ಸುಳ್ಳಲ್ಲ. ಆದರೆ ಬೆಳಗ್ಗೆ ಅವಳು ನೀರು ಕಾಯಿಸಿ ಕರೆದಾಗ ಆಗುತ್ತಿದ್ದ ಸಂತೋಷ ಆ ನಾಚಿಕೆಗಿಂತ ದೊಡ್ಡದಾಗಿತ್ತು.

ಆಗ ಕಮಲಕ್ಕನ ಫೋನು ಬಂತು. ದೀಪಾವಳಿಗೆ ಬಾ, ಕಾರ್ತಿಕ ಮುಗಿಯುವ ತನಕ ಒಂದು ತಿಂಗಳು ಇದ್ದು ಹೋಗು ಎಂದು. ಮದುವೆಯಾದ ಮೇಲೆ ರತ್ನ ಅಕ್ಕನ ಮನೆಯಲ್ಲಿ ಮೂರು ದಿನಕ್ಕಿಂತ ಹೆಚ್ಚು ಇದ್ದವಳಲ್ಲ. ವಿದ್ಯಾ ಕೂಡಲೇ ರೈಲಿಗೆ ಟಿಕೆಟ್ ಮಾಡಿಸಿದಳು, “ನೀನು ಹೋಗಮ್ಮ, ಅಪ್ಪ ನಮ್ಮನೇಲಿ ಇರ್ಲಿ,” ಎಂದಳು. ನಾನು, “ಅಲ್ಲಿ ನಂಗೆ ಸರಿಹೋಗಲ್ಲ,” ಎಂದೆ. ಅಷ್ಟೇ ಅಂದದ್ದು. ಬೇರೇನೂ ಅನ್ನಬೇಕಾಗಿರಲಿಲ್ಲ.

ಹೊರಡುವ ಹಿಂದಿನ ದಿನ ಬೆಳಗ್ಗೆ, ನನ್ನ ಗಲ್ಲಕ್ಕೆ ಸ್ಟಿಕ್ ಉಜ್ಜುತ್ತಿದ್ದವಳು ಕೈ ನಿಲ್ಲಿಸಿದಳು.

“ರೀ, ನಿಜ ಹೇಳಿ. ಒಂದು ತಿಂಗಳು ನೀವೇ ನಿಭಾಯಿಸ್ಕೋತೀರಾ? ಕೈ ಹೇಗಿದೆ?”

ಇನ್ನೂ ನೊರೆ ಬಂದಿರಲಿಲ್ಲ. ಬ್ಲೇಡು ಗಂಟಲ ಮೇಲಿರಲಿಲ್ಲ. ನನ್ನ ಬಾಯಿ ಬಿಡುವಾಗಿತ್ತು. ‘ಸರಿಯಾಗಿದೆ, ಹೋಗಿ ಬಾ’ — ಎಷ್ಟು ಹಗುರವಾದ ಮಾತು ಅದು! ನಾನು ಬಲಗೈ ಎತ್ತಿ, ಬೆರಳು ಮಡಿಸಲು ಹೋಗಿ, ಅರ್ಧಕ್ಕೇ ನಿಲ್ಲಿಸಿದೆ. ನಡುಗಿಸಿದೆ. ಹೌದು, ಬೇಕೆಂದೇ ನಡುಗಿಸಿದೆ.

“ಇನ್ನೂ ಹಿಡಿತ ಬಂದಿಲ್ಲ ರತ್ನ.”

ಅವಳು ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನನ್ನ ತೊಡೆಯ ಮೇಲಿಟ್ಟಳು. “ಬಿಡಿ, ಅಕ್ಕನ ಮನೆ ಎಲ್ಲಿಗೂ ಓಡಿಹೋಗಲ್ಲ. ಸಂಕ್ರಾಂತಿ ಮುಗಿಸ್ಕೊಂಡು ಹೋದ್ರಾಯ್ತು,” ಎಂದಳು.

ದೀಪಾವಳಿ ಕಳೆದು ಎಂಟನೇ ದಿನ ಕಮಲಕ್ಕ ದೇವರ ಮುಂದೆ ದೀಪ ಹಚ್ಚಿ ಎದ್ದವರು ಕುಸಿದು ಬಿದ್ದರಂತೆ. ಆಸ್ಪತ್ರೆಗೆ ಸೇರಿಸುವ ಮುಂಚೆಯೇ ಪ್ರಾಣ ಹೋಗಿತ್ತು.

ಹುಬ್ಬಳ್ಳಿಗೆ ಇಬ್ಬರೂ ಹೋದೆವು. ರತ್ನ ಅಳಲಿಲ್ಲ, ಕಲ್ಲಿನ ಹಾಗೆ ಕೂತಿದ್ದಳು. ಕಮಲಕ್ಕನ ಮಗಳು ಸುಮಾ ಅವಳ ಕೈ ಹಿಡಿದು ಹಿಂದಿನ ಒಂದು ಕೋಣೆಗೆ ಕರೆದುಕೊಂಡು ಹೋದಳು.

“ಚಿಕ್ಕಮ್ಮಾ, ನೀವ್ ಬರ್ತೀರಂತ ಅವ್ವ ಈ ಖೋಲಿಗೆ ಸುಣ್ಣ ಹಚ್ಚಿಸಿದ್ಲು ನೋಡ್ರಿ. ‘ನಾವಿಬ್ರೂ ಇಲ್ಲೇ ಮಲಗ್ತೀವಿ, ಯಾರೂ ಒಳಗ ಬರಬ್ಯಾಡ್ರಿ’ ಅಂದಿದ್ಲು.”

ಅಕ್ಕಪಕ್ಕ ಎರಡು ಮಂಚ. ಆಗ ರತ್ನ ಅತ್ತಳು. ಬಾಗಿಲಲ್ಲಿ ನಿಂತಿದ್ದ ನಾನು, ಬಲಗೈಯಿಂದ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದೆ.

ಕರ್ಮವೆಲ್ಲ ಮುಗಿದು ಬೆಂಗಳೂರಿಗೆ ಬಂದ ಮರುದಿನ ಬೆಳಗ್ಗೆ ಅವಳು ಎಂದಿನಂತೆ ನೀರು ಕಾಯಿಸಿ, ಕುರ್ಚಿ ಹಾಕಿದಳು. “ಬನ್ನಿ, ಗಡ್ಡ ಬೆಳೆದಿದೆ.” ಸ್ಟಿಕ್ ಉಜ್ಜಿದಳು, ನೊರೆ ಎಬ್ಬಿಸಿದಳು, ಒಂದು ಗೀರೂ ಆಗದಂತೆ ಗಡ್ಡ ಮಾಡಿ ಮುಗಿಸಿದಳು. ಒಂದು ಮಾತೂ ಆಡಲಿಲ್ಲ. ನನಗೆ ಬೇಕಾಗಿದ್ದದ್ದು ಗಡ್ಡವಲ್ಲವಲ್ಲ — ಈಗ ಗಡ್ಡವೊಂದೇ ಉಳಿದಿತ್ತು.

“ನಾಳೆಯಿಂದ ನಾನೇ ಮಾಡ್ಕೋತೀನಿ. ಕೈ ಸರಿಹೋಗಿದೆ ಅನ್ಸುತ್ತೆ,” ಎಂದೆ.

“ಹೌದಾ? ಸದ್ಯ! ದೇವ್ರು ಕಣ್ಬಿಟ್ಟ,” ಎಂದು ಅವಳು ನನ್ನ ಮಣಿಕಟ್ಟನ್ನು ಕಣ್ಣಿಗೊತ್ತಿಕೊಂಡಳು. ಅಂಥ ದುಃಖದಲ್ಲೂ ಅವಳಿಗೆ ನಿಜವಾಗಿ ಸಂತೋಷವಾಗಿತ್ತು. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಬೇರೆ ಬೇಕಾಗಿರಲಿಲ್ಲ. ಆದರೂ ಹೇಳಲಿಲ್ಲ. ಹೇಳಿದರೆ ಅವಳ ನೋವು ಹೆಚ್ಚುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೂರು ವರ್ಷ ಅದೇ ಸಮಾಧಾನ.

ಈ ಅವರೆಕಾಯಿ ಕಾಲದ ಒಂದು ಭಾನುವಾರ, ತಾಯಿ ಮಗಳು ಮುಂದಿನ ಮೆಟ್ಟಿಲ ಮೇಲೆ ಕೂತು ಅವರೆ ಬಿಡಿಸುತ್ತಿದ್ದರು. ನಾನು ಕಿಟಕಿಯ ಒಳಗಡೆ ಪೇಪರ್ ಹಿಡಿದಿದ್ದೆ. ರತ್ನ ಮಗಳಿಗೆ ಹೇಳುತ್ತಿದ್ದಳು —

“ಅಪ್ಪನ್ನ ನಮ್ಮನೇಲಿ ಬಿಟ್ಟು ಹೋಗು ಅಂತ ನೀನು ಹೇಳ್ದೆ. ನಾನೇ ಕೇಳ್ಲಿಲ್ಲ ವಿದ್ಯಾ. ನನ್ನ ಎತ್ತಿ ಬೆಳೆಸಿದೋಳು, ಬಾ ಬಾ ಅಂತ ಕರೆದ್ಲು. ಒಂದು ಗಡ್ಡ ಮಾಡೋ ಕೆಲ್ಸಕ್ಕೆ ಅವಳನ್ನ ಬಿಟ್ಟುಬಿಟ್ಟೆ. ತಪ್ಪು ನಂದೇ. ದಿನಾ ಅನ್ಸುತ್ತೆ.”

ದಿನಾ ಅನಿಸುತ್ತದಂತೆ. ನನ್ನ ತಪ್ಪನ್ನು ಮೂರು ವರ್ಷದಿಂದ ಅವಳು ಹೊತ್ತುಕೊಂಡು ತಿರುಗುತ್ತಿದ್ದಳು, ನಾನು ಅವಳ ಕೈಯ ಕಾಫಿ ಕುಡಿಯುತ್ತಾ ನೋಡುತ್ತಿದ್ದೆ.

ವಿದ್ಯಾ ಮಧ್ಯಾಹ್ನ ಊಟ ಮುಗಿಸಿ ಹೊರಟ ಮೇಲೆ ರತ್ನಳ ಎದುರಿಗೆ ಹೋಗಿ ಕೂತೆ.

“ತಪ್ಪು ನಿಂದಲ್ಲ ರತ್ನ. ಆಗಲೇ ಕೈ ಸರಿಹೋಗಿತ್ತು.”

“ಯಾವಾಗ?” ಎಂದಳು.

“ದಸರೆಗೆ ಮುಂಚೆ.”

“ಯಾಕ್ರೀ?”

“ಗಡ್ಡ ಮಾಡುವಾಗ ನೀನು ಮಾತಾಡ್ತಿದ್ದೆ… ಅದಕ್ಕೆ.”

ಅವಳು ಬೈಯಲಿಲ್ಲ. ನನ್ನ ಮುಖವನ್ನೇ ನೋಡಿದಳು — ಹೊಸಬನನ್ನು ನೋಡುವ ಹಾಗೆ. ಆಮೇಲೆ ಮೆಲ್ಲಗೆ ಕೇಳಿದಳು:

“ಕೈ ಸರಿಯಾಗಿದೆ, ಆದ್ರೂ ನೀನೇ ಮಾಡು ಅಂದಿದ್ರೆ… ನಾನು ಬೇಡ ಅಂತಿದ್ನಾ?”

ಕೇಳಿದ್ದರೆ ಸಿಗುತ್ತಿದ್ದದ್ದನ್ನು ನಾನು ಕದ್ದೆ. ಅದನ್ನು ಕೇಳಲು ಬಾರದ ಗಂಡಸಾಗಿದ್ದೆ, ಅಷ್ಟೇ.

ನಾಲ್ಕು ದಿನ ಅಡುಗೆ ಮಾಡಿ ಬಡಿಸಿದಳು, ಮಾತಾಡಲಿಲ್ಲ. ಐದನೇ ದಿನ ಬ್ಯಾಗು ತುಂಬಿಕೊಂಡಳು. “ಸುಮಾ ಮನೆಗೆ ಹೋಗ್ತೀನಿ. ಆ ರೂಮಲ್ಲಿ ಸ್ವಲ್ಪ ದಿನ ಇರ್ಬೇಕು.” ನಾನೇ ಬ್ಯಾಗು ಎತ್ತಿಕೊಂಡು ಹೋಗಿ ಬಸ್ಸು ಹತ್ತಿಸಿದೆ. ಸೀಟಿನಲ್ಲಿ ಕೂತ ಮೇಲೆ, “ಬಿಪಿ ಮಾತ್ರೆ ಮರೀಬೇಡಿ,” ಎಂದಳು. ಅದು ಕ್ಷಮೆಯಲ್ಲ, ನನಗೆ ಗೊತ್ತು.

ಅವಳು ಹೋಗಿ ಇವತ್ತಿಗೆ ಹದಿನೇಳು ದಿನ. ಸಂಜೆ ಆರಕ್ಕೆ ಫೋನು ಮಾಡುತ್ತೇನೆ. ಊಟದ ವಿಷಯ, ಅಲ್ಲಿನ ಚಳಿಯ ವಿಷಯ ಒಂದೆರಡು ಮಾತು ಹೇಳುತ್ತಾಳೆ. ಕೆಲವು ದಿನ ಅದೂ ಇಲ್ಲ. ಸುಮ್ಮನೆ ಆ ಕಡೆ ಅವಳ ಉಸಿರು ಕೇಳುತ್ತದೆ. ನಾನು ಫೋನು ಹಿಡಿದೇ ಇರುತ್ತೇನೆ, ಅವಳೇ ಇಡುವ ತನಕ.

ಯಾವಾಗ ಬರುತ್ತೀಯ ಎಂದು ನಾನು ಕೇಳಿಲ್ಲ. ಕೇಳುವುದೂ ಇಲ್ಲ.