ಗೋಡೆಯ ಒಳಗಿನ ಜಾಗ

ರಬಕವಿಯಲ್ಲಿ ನನಗೆ ಸೀರೆ ನೇಯ್ದು ಕೊಡುತ್ತಿದ್ದ ಅಜ್ಜಿಯೊಬ್ಬಳಿದ್ದಳು, ಕ್ರೈಸ್ತಳು. ಪೇಟೆ ಇಳಿದಿದೆ, ದರ ಇಳಿಸು ಎಂದರೆ ಮಗ್ಗದಿಂದ ಕಣ್ಣೆತ್ತದೆ, "ಹಂಗಂತ ಯಾರ ಅಂದ್ರು?" ಎನ್ನುತ್ತಿದ್ದಳು.

ಆಕೆಯ ಮೊಮ್ಮಗು, ಕೂಸನ್ನು ಕ್ರೈಸ್ತ ಧರ್ಮಕ್ಕೆ ಸೇರಿಸುವ ಜ್ಞಾನಸ್ನಾನಕ್ಕೆ ಮೊದಲೇ ತೀರಿಕೊಂಡಿತು. ಅಂಥ ಕೂಸಿನ ಆತ್ಮ ಸ್ವರ್ಗ ಸೇರದು, ಸ್ಮಶಾನದ ಗೋಡೆಯ ಹೊರಗೆ ಹೂಳಿರಿ ಎಂದರು ಪಾದ್ರಿಗಳು.

"ಹಂಗಂತ ಯಾರ ಅಂದ್ರು?"

"ಮೊದಲಿಂದ ಬಂದ ಪದ್ಧತಿ ಐತಬೇ ಯವ್ವಾ."

ಜಗಳ ಹರಿಯಬೇಕಾದರೆ ಇಬ್ಬರೂ ಒಂದಿಷ್ಟು ಬಿಡಬೇಕು. ಇದು ನಾನು ಯಾರಿಗಾದರೂ ಹೇಳುವ ಮಾತು. ಗೋಡೆಯೊಳಗೇ, ಆದರೆ ಬಾಗಿಲ ಬಳಿಯ ಮೂಲೆಯಲ್ಲಿ ಹೂಳೋಣ ಎಂದೆ.

"ಸಾವಕಾರ್ರ, ಇದು ಸೀರಿ ಅಲ್ಲ. ಸುಮ್ನಿರ್ರಿ," ಎಂದವಳೇ ಸಲಿಕೆ ಹಿಡಿದು ಗಂಡನ ಸಮಾಧಿಯ ಪಕ್ಕದಲ್ಲೇ ಅಗೆದಳು. ಕಡೆಯ ದಿನ ಸತ್ತವರೆಲ್ಲ ಏಳುತ್ತಾರೆಂಬುದು ಅವರ ನಂಬಿಕೆ. ಎದ್ದಾಗ ಮುಖ ಮೂಡಣಕ್ಕಿರಲೆಂದು ಪಡುವಣಕ್ಕೆ ತಲೆಯಿಟ್ಟು ಮಲಗಿಸುತ್ತಾರೆ. ಕೂಸನ್ನೂ ಹಾಗೆಯೇ ಮಲಗಿಸಿ ಪಾದ್ರಿಗಳತ್ತ ತಿರುಗಿದಳು.

"ಆ ದಿನ ಇದು ಅವರಜ್ಜನ ಕೈ ಹಿಡಕೊಂಡ ಹೊಕ್ಕೈತ್ರಿ ಫಾದರ್ರ. ಸ್ವರ್ಗದ ಬಾಗಲದಾಗ ತಡಿಯವ್ರು, ಮೊದಲ ಅವನ ಕೈ ಬಿಡಿಸಿ ನೋಡ್ಲಿ."

ಪಾದ್ರಿಗಳು ಕುಣಿಯ ಬಳಿ ಬಂದು ಬಗ್ಗಿದರು. ಮೊದಲ ಹಿಡಿ ಮಣ್ಣನ್ನು ಅವರೇ ಹಾಕಿದರು.