ಹಗ್ಗ ಕಟ್ಟಿದ ಸೀನಾಯಿ

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ಯಾದಗಿರಿಯ ನಮ್ಮ ಓಣಿಯ ಹುಡುಗರಿಗೆ ಎರಡೇ ದಾರಿ. ಹುಣಸೆ ಮರದ ಕೆಳಗೆ ಗೋಲಿ ಆಡಿ ಬಯ್ಯಿಸಿಕೊಳ್ಳುವುದು, ಇಲ್ಲವೇ ಚರ್ಚಿನ ರಜಾ ಬೈಬಲ್ ಶಾಲೆಗೆ ಹೋಗಿ ಬಯ್ಯಿಸಿಕೊಳ್ಳುವುದು. ಚರ್ಚಿನಲ್ಲಿ ಶರಬತ್ತು ಕೊಡುತ್ತಿದ್ದರು, ಹಾಗಾಗಿ ನಾವೆಲ್ಲ ಭಕ್ತರಾದೆವು. ಬಕೆಟ್ಟಿನಲ್ಲಿ ಕಲಸಿದ ಕಿತ್ತಳೆ ಬಣ್ಣದ ಆ ಶರಬತ್ತಿಗೆ ಅರ್ಧ ಸಕ್ಕರೆಯ ರುಚಿ, ಅರ್ಧ ಬಕೆಟ್ಟಿನ ರುಚಿ. ಅದರ ಬಣ್ಣ ಹತ್ತಿದ ನಾಲಿಗೆಯನ್ನು ಸಂಜೆಯತನಕ ಒಬ್ಬರಿಗೊಬ್ಬರು ಚಾಚಿ ತೋರಿಸುತ್ತಿದ್ದೆವು. ಕಿಟಕಿಯಿಂದ ಬೇವಿನ ಹೂವಿನ ವಾಸನೆ ಬರುತ್ತಿತ್ತು. ಒಳಗೆ ನಮ್ಮದೇ ವಾಸನೆ ಇತ್ತು, ಅದು ಗೆಲ್ಲುತ್ತಿತ್ತು.

ನನಗೆ ಓದು ಅಷ್ಟಕ್ಕಷ್ಟೇ. ಹಾಡಿದರೆ ಪಕ್ಕದವನು ನಿಲ್ಲಿಸು ಅನ್ನುತ್ತಿದ್ದ. ಬರುತ್ತಿದ್ದದ್ದು ಒಂದೇ ವಿದ್ಯೆ, ಮಂದಿಯ ದನಿ ತೆಗೆಯುವುದು. ಟಂಟಂ ಆಟೋದ ಡ್ರೈವರ್ 'ಶಹಾಪುರ, ಗೋಗಿ, ಶಹಾಪುರ, ಗೋಗಿ' ಅಂತ ಕರೆದಂತೆ ಕರೆದು ಬಸ್‌ಸ್ಟ್ಯಾಂಡಿನಲ್ಲಿ ಮುದುಕರನ್ನು ಎಬ್ಬಿಸಿ ಓಡಿದ್ದೇನೆ. ಅಯ್ನೋರು, ಅಂದರೆ ನಮ್ಮ ಚರ್ಚಿನ ಪಾದ್ರಿ, ಪ್ರಾರ್ಥನೆಯ ನಡುವೆ ಸೊರ್ ಅಂತ ಮೂಗು ಏರಿಸುವುದನ್ನು ಅವರ ಹೆಂಡತಿಯ ಮುಂದೆಯೇ ಮಾಡಿ ತೋರಿಸಿ, ಆಕೆಯಿಂದ ಶೇಂಗಾ ಉಂಡಿ ಗಿಟ್ಟಿಸಿದ್ದೇನೆ. ನನ್ನ ಸ್ವಂತ ದನಿ ಆಗಷ್ಟೇ ಒಡೆಯುತ್ತಿತ್ತು. ಅರ್ಧ ಹುಂಜ, ಅರ್ಧ ಎಮ್ಮೆ. ಅದನ್ನೂ ನಾನೇ ಅಣಕಿಸುತ್ತಿದ್ದೆ.

ನಮಗೆ ಪಾಠ ಹೇಳುತ್ತಿದ್ದವರು ಜಯರಾಜ ಮಾಸ್ತರು. ನಮ್ಮ ಕೇರಿಯಲ್ಲೇ ಹುಟ್ಟಿ, ಓದಿ, ಸರಕಾರಿ ಶಾಲೆಯ ಮಾಸ್ತರಾಗಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಅಂಗಿಯಂಥದ್ದೇ ಇಸ್ತ್ರಿ ಮಾಡಿದ ಕನ್ನಡ ಅವರದು. ನಿದ್ದೆಯಲ್ಲಿ ಕೂಡ ಅವರು ಪುಸ್ತಕದ ಕನ್ನಡ ಬಿಟ್ಟು ಕೆಳಗಿಳಿಯುತ್ತಿರಲಿಲ್ಲ ಅಂತ ನಮ್ಮ ನಂಬಿಕೆ.

ಆ ಬೇಸಿಗೆ ಅವರು ಸೀನಾಯಿ ಬೆಟ್ಟದ ಪಾಠ ಮಾಡಿದರು.

"ಮಕ್ಕಳೇ, ದೇವರು ಬೆಟ್ಟದ ಮೇಲೆ ಇಳಿದು ಬಂದನು. ಬೆಟ್ಟವೆಲ್ಲ ಹೊಗೆ, ಗುಡುಗು, ಮಿಂಚು. ಜನರ ನಾಯಕನಾದ ಮೋಶೆಯು ಸುತ್ತಲೂ ಗಡಿ ಹಾಕಿದನು. ಮನುಷ್ಯನಾಗಲಿ ಪಶುವಾಗಲಿ ಬೆಟ್ಟವನ್ನು ಮುಟ್ಟಿದರೆ ಸಾವು. ಏಕೆಂದರೆ ಬೆಟ್ಟವು ಪರಿಶುದ್ಧತೆಯ ಗುರುತು. ಮೇಲೆ ದೇವರು, ಕೆಳಗೆ ಜನ, ನಡುವೆ ಗಡಿ. ತಿಳಿಯಿತೇ?"

ನಾನು ಕೈ ಎತ್ತಿದೆ. "ಮಾಸ್ತರ, ಹಂಗಾದ್ರ ಆ ಬೆಟ್ಟ ಯಾವ ಜಾತೀದ್ರಿ?"

ಕೋಣೆಯಲ್ಲಿದ್ದ ನಾವೆಲ್ಲ ಒಂದೇ ಕೇರಿಯವರು. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಂದಿನ ಸಾಲು ಮೊದಲು ನಕ್ಕಿತು, ಆಮೇಲೆ ಮುಂದಿನ ಸಾಲು. ಮಾಸ್ತರು ಬಂದು ನನ್ನ ಎಡಗಿವಿ ಹಿಡಿದು ತಿರುವಿದರು.

"ಮೂರ್ಖ. ಬೆಟ್ಟಕ್ಕೆ ಜಾತಿ ಇರುವುದಿಲ್ಲ."

"ಜಾತಿ ಇಲ್ಲಂದ್ರ ಮುಟ್ಟಬಾರ್ದು ಅಂತ ಯಾಕಂದ್ರಿ?"

ಬಲಗಿವಿಗೂ ನ್ಯಾಯ ಸಿಕ್ಕಿತು.

ಮನೆಗೆ ಬಂದು ಆಯಿಗೆ ಕಿವಿ ತೋರಿಸಿದೆ. ಆಯಿ ಅಂದರೆ ಅಪ್ಪನ ಅವ್ವ. ಬೇಸಿಗೆಯಲ್ಲಿ ಹಳ್ಳಿಯಿಂದ ನಮ್ಮಲ್ಲಿಗೆ ಬಂದಿರುತ್ತಿದ್ದಳು. ಹಳ್ಳಿಯಲ್ಲಿ ಆಕೆ ಬಾವಿಯ ಹಗ್ಗ ಹಿಡಿದವಳಲ್ಲ. ದೂರ ಕೊಡ ಇಟ್ಟು, ಯಾರಾದರೂ ಮನಸ್ಸು ಮಾಡಿ ಮೇಲಿಂದ ನೀರು ಸುರಿಯುವತನಕ ಕಾಯಬೇಕಿತ್ತು. ಮದುವೆಯಾದ ಹೊಸದರಲ್ಲಿ ಯಾದಗಿರಿಗೆ ಬಂದಾಗ, ಚರ್ಚಿನ ಬಾವಿಯ ಹತ್ತಿರ ಯಾರೋ ಹಗ್ಗವನ್ನೇ ಕೈಗೆ ಕೊಟ್ಟು "ಸೇದ್ಕೋ ತಂಗಿ" ಅಂದರಂತೆ. ಯಾಕೆ ಕ್ರೈಸ್ತಳಾದೆ ಅಂತ ಯಾರು ಕೇಳಿದರೂ ಆಯಿ ಯೇಸುವಿಗಿಂತ ಮೊದಲು ಆ ಹಗ್ಗದ ಸುದ್ದಿ ತೆಗೆಯುತ್ತಿದ್ದಳು.

ಆಕೆ ಸಜ್ಜಿ ರೊಟ್ಟಿ ಬಡಿಯುತ್ತಾ ನನ್ನ ಪಾಠ ಕೇಳಿಸಿಕೊಂಡಳು.

"ಗುಡ್ಡಾ ಮುಟ್ಟಿದ್ರ ಗುಡ್ಡಕ್ಕೇನಾಗ್ತದಂತ ಸಮ್ಯಾ?"

"ಗುಡ್ಡಕ್ಕೇನೂ ಆಗಂಗಿಲ್ಲ ಆಯಿ. ಮುಟ್ಟಿದವ್ರು ಸಾಯ್ತಾರ."

"ನಮ್ಮೂರಾಗ ಬಾವಿ ಮುಟ್ಟಿದ್ರ ಬಾವಿ ಕೆಡ್ತದ ಅಂತಿದ್ರು." ರೊಟ್ಟಿಯನ್ನು ಹಂಚಿನ ಮೇಲೆ ತಿರುವಿದಳು. "ಹೊಡಿಸ್ಕೊಳ್ಳೋರು ಮಾತ್ರ ಎರಡೂ ಕಡಿ ಮುಟ್ಟಿದವ್ರೇ. ದೇವ್ರು ಅಲ್ಲಿಗೆ ಯಾಕ ಬಂದಿದ್ನಂತ?"

"ಮಂದಿ ಕೂಡ ಮಾತಾಡಾಕ."

"ಅಷ್ಟು ದೂರ ನಿಂತ್ರ ಕೇಳಸ್ತದೇನು?"

ಬಿಸಿ ರೊಟ್ಟಿಯ ಮೇಲೆ ಪುಂಡಿ ಪಲ್ಯ ಹಾಕಿ ಕೈಗೆ ಕೊಟ್ಟಳು. ನನ್ನ ಧರ್ಮಶಾಸ್ತ್ರ ಅಲ್ಲಿಗೆ ಮುಗಿಯಿತು.

ರಜಾ ಶಾಲೆಯ ಕೊನೆಯ ದಿನ ನಾಟಕ. ಊರಾಚೆಯ ಗುಡ್ಡವೇ ಸೀನಾಯಿ. ದಿನಾ ಆಡು ಏರುವ, ಬೆಳಗ್ಗೆ ಮಂದಿ ತಂಬಿಗೆ ಹಿಡಿದು ಮರೆಗೆ ಹೋಗುವ ಗುಡ್ಡವದು. ಮಾಸ್ತರ ಮಗ ಮೋಶೆಯಾದ, ಹತ್ತಿಯ ಗಡ್ಡ ಅಂಟಿಸಿಕೊಂಡು. ಉಳಿದ ಹುಡುಗರೆಲ್ಲ ಇಸ್ರೇಲ್ ಜನ. ನನಗೆ ಸಿಕ್ಕಿದ್ದು ದೇವರ ಪಾತ್ರ. ಹಿಗ್ಗಬೇಡಿ, ದೇವರು ಕಾಣಬಾರದಲ್ಲ, ನನ್ನನ್ನು ಮಂದಿಯ ಕಣ್ಣಿಂದ ದೂರ ಇಡಲು ಅದಕ್ಕಿಂತ ಒಳ್ಳೆಯ ಉಪಾಯ ಮಾಸ್ತರಿಗೆ ಹೊಳೆದಿರಲಿಲ್ಲ. ಗುಡ್ಡದ ನಡುವಿನ ದೊಡ್ಡ ಬಂಡೆಯ ಹಿಂದೆ ಕೂತು, ತಳ ಹೋದ ಕೊಡದೊಳಗೆ ಬಾಯಿಟ್ಟು, ಅಯ್ನೋರ ದನಿಯಲ್ಲಿ ಮಾಸ್ತರ ಕನ್ನಡ ನುಡಿಯಬೇಕು. ಪಕ್ಕದಲ್ಲಿ ಗುಡುಗಿಗೆ ಒಂದು ತಗಡು, ಹೊಗೆಗೆ ಹಸಿ ಬೇವಿನ ಸೊಪ್ಪು ಹಾಕಿದ ಸಗಣಿ ಕುಳ್ಳಿನ ಬೆಂಕಿ.

ಗುಡ್ಡದ ಬುಡಕ್ಕೆ ಗಡಿ ಬೇಕಲ್ಲ. ಮಾಸ್ತರು ಚರ್ಚಿನ ಬಾವಿಯ ಹಗ್ಗ ಬಿಚ್ಚಿಸಿ ತಂದು, ಕಲ್ಲಿನಿಂದ ಕಲ್ಲಿಗೆ ಕಟ್ಟಿಸಿದರು. ಹಗ್ಗದ ಈಚೆ ಮುಂದಿನ ಸಾಲಿನಲ್ಲಿ ಕುರ್ಚಿಗಳು, ಅವುಗಳಲ್ಲಿ ಅಯ್ನೋರು, ಬೇರೆ ಊರಿನ ಚರ್ಚುಗಳಿಂದ ಬಂದ ಹಿರಿಯರು. ಹಿಂದೆ ನೆಲದ ಮೇಲೆ ನಮ್ಮ ಮಂದಿ.

ಬಿಸಿಲು ಇಳಿದ ಮೇಲೆ ನಾಟಕ ಶುರುವಾಯಿತು. ತಗಡು ಗುಡುಗಿತು. ಹೊಗೆ ಎದ್ದು ನೇರವಾಗಿ ನನ್ನ ಮೂಗಿಗೆ ಬಂತು. ಸೀನಾಯಿಯಲ್ಲಿ ದೇವರು ಮಾಡಿದ ಮೊದಲ ಕೆಲಸ ಕೆಮ್ಮುವುದು. ಕೆಳಗೆ ಹುಡುಗರು ನಕ್ಕರು. ನಾನು ಕೊಡದೊಳಗೆ ಗಂಟಲು ಸರಿಮಾಡಿಕೊಂಡು, "ಮೋಶೆಯೇ, ಮೋಶೆಯೇ," ಅಂದೆ. ಅಯ್ನೋರ ದನಿ ಎಷ್ಟು ಚೆನ್ನಾಗಿ ಬಂತೆಂದರೆ ಕುರ್ಚಿಯಲ್ಲಿದ್ದ ಅಯ್ನೋರೇ ತಲೆ ಎತ್ತಿ ನೋಡಿದರು.

ಬಂಡೆಯ ಸಂದಿಯಿಂದ ನನಗೆ ಎಲ್ಲರೂ ಕಾಣುತ್ತಿದ್ದರು. ಆಯಿ ಹಿಂದಿನಿಂದ ಎದ್ದದ್ದೂ ಕಂಡಿತು. ಸೆರಗಿನ ತುದಿಯಲ್ಲಿ ಏನನ್ನೋ ಗಂಟು ಕಟ್ಟಿಕೊಂಡು, ನನ್ನನ್ನು ಹುಡುಕುತ್ತಾ ಕುರ್ಚಿಗಳನ್ನು ದಾಟಿ ಮುಂದೆ ಬಂದಳು. ಹಗ್ಗದ ಹತ್ತಿರ ನಿಂತು ಬಗ್ಗಿ ನೋಡಿದಳು.

"ಇದು ನಮ್ಮ ಬಾವಿ ಹಗ್ಗ ಅಲ್ಲೇನು," ಅನ್ನುತ್ತಾ ಕೈ ಚಾಚಿದಳು.

"ಏ ಮುದುಕಿ, ಮುಟ್ಟಬ್ಯಾಡ. ಹಿಂದಕ್ ಸರಿ."

ಮಾಸ್ತರ ದನಿ ಅದು. ಅವರ ಬಾಯಿಂದ ನಮ್ಮ ಮಾತು ನಾನು ಕೇಳಿದ್ದು ಅದೊಂದೇ ಸಲ. ಅಷ್ಟು ಓದಿ, ಅಷ್ಟು ಇಸ್ತ್ರಿ ಮಾಡಿ, ಕೊನೆಗೆ ಆ ಒಂದು ಮಾತನ್ನು ಮಾತ್ರ ಕೇರಿಯಿಂದ ಹೊರಗೆ ಜೋಪಾನವಾಗಿ ತೆಗೆದುಕೊಂಡು ಹೋಗಿದ್ದರು. ಅವರ ಅವ್ವನೂ ಎಲ್ಲೋ ಒಂದು ಬಾವಿಯಿಂದ ದೂರ ಕೊಡ ಇಟ್ಟು ಕಾದವಳೇ.

ಆಯಿ ಬೈಯಲಿಲ್ಲ. ಬೈದಿದ್ದರೆ ನಾನು ನಕ್ಕು ಸುಮ್ಮನಿರುತ್ತಿದ್ದೆ. ಆಕೆಯ ಕೈ ತಾನಾಗಿ ಹಿಂದೆ ಸರಿಯಿತು. ಸೆರಗು ಯಾರಿಗೂ ತಾಗದಂತೆ ಒಳಗೆ ಎಳೆದುಕೊಂಡಳು, ಚಪ್ಪಲಿ ಬಿಚ್ಚಿ ಕೈಗೆ ತೆಗೆದುಕೊಂಡಳು, ಬೆನ್ನು ಬಗ್ಗಿಸಿ ಹಿಂದೆ ಹಿಂದೆ ಹೋಗತೊಡಗಿದಳು. ಯಾರೂ ಚಪ್ಪಲಿ ಬಿಚ್ಚು ಅಂದಿರಲಿಲ್ಲ. ಮೈಗೆ ಗೊತ್ತಿತ್ತು. ನನ್ನ ಆಯಿಯ ಮೈಯೊಳಗೆ ಇನ್ನೊಬ್ಬ ಹೆಂಗಸು ಇದ್ದಳೆಂದು ಆವತ್ತೇ ನನಗೆ ತಿಳಿದದ್ದು.

ಅಲ್ಲಿ ನಾನು ಹೇಳಬೇಕಿದ್ದ ಮಾತು ಗಡಿಯದ್ದೇ. ಯಾರೂ ಮುಟ್ಟಕೂಡದು ಅನ್ನುವ ಮಾತು. ಕೊಡಕ್ಕೆ ಬಾಯಿಟ್ಟೆ.

"ಆಯಿ, ಹಿಂದಕ್ ಹೋಗಬ್ಯಾಡ."

ಗುಡ್ಡವೆಲ್ಲ ಮೊಳಗಿತು. ಆಯಿ ನಿಂತಳು. ಸುತ್ತ ನೋಡಿ, ಮೇಲೆ ನೋಡಿದಳು.

"ಯಾರಪಾ ಅದು?"

"ದೇವ್ರು."

"ದನಿ ನಮ್ಮ ಸಮ್ಯಾಂದು ಇದ್ದಂಗದ."

"ಇರ್ಲಿ. ಹಗ್ಗ ದಾಟಿ ಮ್ಯಾಲ ಬಾ."

"ಬೈತಾರಪಾ."

"ನಾ ದೇವ್ರು ಹೇಳಾಕತ್ತೇನಿ, ಯಾರು ಬೈತಾರ? ಬಾ, ಮುಟ್ಟು."

ಕುರ್ಚಿಗಳ ಸಾಲಿನಲ್ಲಿ ಯಾರೂ ಅಲುಗಾಡಲಿಲ್ಲ. ದೇವರ ಮಾತಿಗೆ ಎದುರಾಡುವುದು ಹೇಗೆಂದು ಅವರಿಗೆ ಹೊಳೆಯಲಿಲ್ಲವೋ ಏನೋ. ಆಯಿ ಚಪ್ಪಲಿ ಕೆಳಗಿಟ್ಟು ಕಾಲಿಗೆ ಹಾಕಿಕೊಂಡಳು. ಹಗ್ಗವನ್ನು ಕೈಯಲ್ಲಿ ಹಿಡಿದು ಎತ್ತಿ, ಅದರ ಕೆಳಗೆ ನುಸುಳಿ, ಮೊಣಕಾಲ ಮೇಲೆ ಕೈಯೂರಿ ಏರಿ ಬಂದಳು. ಬಂಡೆಗೆ ಅಂಗೈ ಒತ್ತಿ ನಿಂತಳು. ಅವಳ ಹಿಂದೆ ಇಸ್ರೇಲ್ ಜನರೆಲ್ಲ ಹೋ ಎಂದು ಹಗ್ಗ ಹಾರಿ ನುಗ್ಗಿದರು. ಮೋಶೆ ಆಜ್ಞೆಯ ಹಲಗೆಗಳನ್ನು ಕೈಬಿಟ್ಟ, ಬೈಬಲಿನ ಕತೆಯಲ್ಲಿ ಒಡೆಯಬೇಕಾದದ್ದಕ್ಕಿಂತ ಬಹಳ ಮೊದಲೇ ಅವು ಒಡೆದವು. ಹತ್ತಿಯ ಗಡ್ಡವನ್ನು ಒಂದು ಆಡು ತಿಂದಿತು.

ಆಯಿ ಸೆರಗಿನ ಗಂಟು ಬಿಚ್ಚಿ ನನ್ನ ಕೈಗೆ ಹುರಿಗಡಲೆ, ಬೆಲ್ಲ ಸುರಿದಳು. "ಕಲ್ಲು ಇನ್ನೂ ಬೆಚ್ಚಗದ ನೋಡು," ಅಂದಳು, "ಆಕಳ ಹೊಟ್ಟಿ ಇದ್ದಂಗ."

ನಾಟಕ ಕೆಡಿಸಿದ್ದಕ್ಕೆ ಭಾನುವಾರ ಆರಾಧನೆಯಲ್ಲಿ ಎಲ್ಲರೆದುರು ನನ್ನನ್ನು ಮೊಣಕಾಲೂರಿಸಿದರು. ದೇವರ ಹೆಸರನ್ನು ವ್ಯರ್ಥವಾಗಿ ಎತ್ತಿದವನು ಅಂತ ಅಯ್ನೋರು ಪೀಠದ ಮೇಲಿಂದ ಬೈದರು, ಮೂಗು ಏರಿಸುತ್ತಾ. ಮಾಸ್ತರು ಮುಂದಿನ ಸಾಲಿನಲ್ಲಿ ತಲೆಯಾಡಿಸಿದರು. ಆಯಿಗೆ ಬೈದ ಮಾತಿನ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಆರಾಧನೆ ಮುಗಿದ ಮೇಲೆ ಅಯ್ನೋರು ನನ್ನನ್ನು ಒಳಕೋಣೆಗೆ ಕರೆದು, ಬಾಗಿಲು ಹಾಕಿ, ಬೈಬಲ್ ತೆರೆದು ಬೆರಳಿಟ್ಟರು.

"ಓದು."

ಗಡಿಯ ಮಾತಿನ ಬೆನ್ನಿಗೇ ಇನ್ನೊಂದು ಮಾತಿತ್ತು. ಕೊಂಬಿನ ಧ್ವನಿ ದೀರ್ಘವಾಗಿ ಕೇಳಿಸಿದಾಗ ಜನ ಬೆಟ್ಟಕ್ಕೆ ಬರಬಹುದು ಅಂತ. ಹಗ್ಗ ಆವತ್ತಿಗಷ್ಟೇ, ಕೊಂಬು ಊದುವತನಕ. ದೇವರು ಕೆಳಗಿಳಿದದ್ದು ಕರೆಯುವುದಕ್ಕೆ. ಮಾಸ್ತರು ನಮಗೆ ಅರ್ಧ ಮಾತು ಕಲಿಸಿ, ಅರ್ಧ ನುಂಗಿದ್ದರು.

"ಇದು ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ಅಲ್ಲಿ ಎಲ್ಲರ ಮುಂದ ಯಾಕ ಹೇಳ್ಲಿಲ್ರಿ?"

ಅಯ್ನೋರು ಪುಸ್ತಕ ಮುಚ್ಚಿದರು. "ಮಾಸ್ತರಿಗೆ ಬ್ಯಾಸರಾಗ್ತದಪಾ. ಹಿರಿಯರು."

ಆಯಿಗೆ ಬೇಸರವಾಗಿರಬಹುದೆಂದು ಅವರಿಗೆ ಹೊಳೆಯಲಿಲ್ಲ. ಬೈದದ್ದು ಎಲ್ಲರೆದುರು, ಸತ್ಯ ಹೇಳಿದ್ದು ಬಾಗಿಲು ಹಾಕಿಕೊಂಡು. ಮೊಣಕಾಲಿನ ನೋವು ಆವತ್ತೇ ಹೋಯಿತು, ಈ ಉರಿ ಮಾತ್ರ ಇನ್ನೂ ಇದೆ.

ಆಯಿ ಈಗಿಲ್ಲ. ಗುಡ್ಡಕ್ಕೆ ಆಡುಗಳಷ್ಟೇ ಹೋಗುತ್ತವೆ. ಚರ್ಚಿಗೆ ಕೂಲರ್ ಹಾಕಿದ ಹಾಲ್ ಬಂದಿದೆ, ಬಾವಿಗೆ ಚಪ್ಪಡಿ ಮುಚ್ಚಿದ್ದಾರೆ. ಕಳೆದ ಬೇಸಿಗೆ ಮತ್ತೆ ಸೀನಾಯಿಯ ನಾಟಕ ಆಡಿಸಿದರು. ವೇದಿಕೆಯ ಮೇಲೆ ಥರ್ಮಾಕೋಲಿನ ಬೆಟ್ಟ, ಕೆಮ್ಮು ಬರಿಸದ ಮಷೀನಿನ ಹೊಗೆ. ಮಾತುಗಳು ಮಾತ್ರ ಹಳೆಯವು, ಮಾಸ್ತರು ಬರೆದಿಟ್ಟವು. ಕೊಂಬಿನ ಮಾತು ಇವತ್ತಿಗೂ ಅದರಲ್ಲಿಲ್ಲ. ದೇವರ ದನಿ ನನ್ನದೇ. ಮಿಮಿಕ್ರಿ ಮಾಡಿ ಈಗ ನಾಲ್ಕು ಊರಲ್ಲಿ ಹೆಸರು ಮಾಡಿದ್ದೇನಲ್ಲ, ಕೇಳಿದರು, ಕಲಬುರಗಿಯ ಸ್ಟುಡಿಯೋದಲ್ಲಿ ಕೂತು ರೆಕಾರ್ಡ್ ಮಾಡಿ, ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ಬರೆದದ್ದನ್ನು ಬರೆದಂತೆ, ಇಸ್ತ್ರಿ ಮಾಡಿದ ಕನ್ನಡದಲ್ಲಿ, ಒಂದಕ್ಷರವೂ ಯಾದಗಿರಿಯದ್ದಿಲ್ಲದಂತೆ. ಎಲ್ಲರೂ ಹೊಗಳಿದರು. ನನಗೂ ಚೆನ್ನಾಗಿದೆ ಅನ್ನಿಸಿತ್ತು.

ನಾಟಕದ ನಡುವೆ ಹಳ್ಳಿಯಿಂದ ಬಂದಿದ್ದ ಒಬ್ಬ ಮುದುಕಿ, ಮೊಮ್ಮಗನನ್ನು ಹುಡುಕುತ್ತಾ ವೇದಿಕೆಯ ಹತ್ತಿರ ಬಂದು ಬೆಟ್ಟದ ಕಡೆ ಕೈ ಚಾಚಿದಳು.

"ಅಮ್ಮಾ, ಮುಟ್ಟಬ್ಯಾಡ್ರಿ, ಬಣ್ಣ ಹಸಿ ಅದ," ಅಂದಳು ಕಾರ್ಯಕರ್ತೆ ಹುಡುಗಿ, ಬಹಳ ಮರ್ಯಾದೆಯಿಂದ.

ಮುದುಕಿ ಸೆರಗು ಒಳಗೆಳೆದುಕೊಂಡಳು. ಚಪ್ಪಲಿಗೆ ಬಗ್ಗಿದಳು. ನಾನು ಹಿಂದೆ ಸೌಂಡ್ ಬಾಕ್ಸಿನ ಪಕ್ಕ ನಿಂತಿದ್ದೆ. ಕರೆಯಬೇಕೆಂದು ಬಾಯಿ ತೆರೆದೆ. ಆದರೆ ಮೇಲಿನಿಂದ ಆಗಲೇ ನಾನೇ ಮಾತಾಡುತ್ತಿದ್ದೆ, ಯಾರೂ ಮುಟ್ಟಕೂಡದು ಅಂತ, ಒಂದೂ ತಪ್ಪಿಲ್ಲದ ಕನ್ನಡದಲ್ಲಿ. ಬಂಡೆಯ ಹಿಂದಿನ ದೇವರಿಗೆ ಮಂದಿ ಕಾಣುತ್ತಿದ್ದರು. ಪೆನ್‌ಡ್ರೈವಿನ ದೇವರು ಆ ಮುದುಕಿಯನ್ನು ನೋಡದೆ ತನ್ನ ಮಾತು ಮುಗಿಸಿದ.