ಕಾಕುವಿಗೆ ಓದಿ ಹೇಳಿದ ಪುಟ

2007ರ ಸೆಪ್ಟೆಂಬರ್‌ನಲ್ಲಿ, ಹತ್ತನೇ ತರಗತಿಯಲ್ಲಿದ್ದ ನನ್ನ ತಂಗಿಯ ಫೋಟೊವನ್ನು ಅವಳ ಸಹಪಾಠಿಯೊಬ್ಬಳು ಒಂದು ಸ್ನೇಹಜಾಲತಾಣದಲ್ಲಿ ಹಾಕಿದಳು. ಅದಕ್ಕೆಂದೇ ತೆರೆದ ಪುಟಕ್ಕೆ ‘ನಮ್ಮ ಕ್ಲಾಸಿನ ಕಪ್ಪು ಹಲಗೆ’ ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದಳು.

ಆ ಹುಡುಗಿಯ ಮನೆ ಕುಷಾಯಿಗೂಡದಲ್ಲಿ ನಮ್ಮದೇ ಗಲ್ಲಿಯಲ್ಲಿತ್ತು. ಎರಡೂ ಮನೆಯವರು ಗುಲ್ಬರ್ಗಾ ಕಡೆಯಿಂದ ಆ ತೆಲುಗು ನಗರಕ್ಕೆ ಕೆಲಸಕ್ಕೆಂದು ಬಂದವರು. ಅಪ್ಪಂದಿರು ಕಾರ್ಖಾನೆಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು.

ತಂಗಿ ಶಾಲೆ ಬಿಟ್ಟ ಮೇಲೆ ಇಂಟರ್ನೆಟ್ ಸೆಂಟರಿಗೆ ಹೋಗಿ ಆ ಪುಟವನ್ನೇ ಓದಿ ಬರುತ್ತಿದ್ದಳು. ಕರೆಂಟ್ ಹೋದರೆ ಇವಳನ್ನು ಹುಡುಕಲು ನಗಿಸಬೇಕು, ಹಲ್ಲಾದರೂ ಕಾಣುತ್ತದೆ ಎಂದು ಒಬ್ಬ ಬರೆದಿದ್ದ. ಮನೆಗೆ ಬಂದವಳು ನಿಂಬೆಹಣ್ಣಿನ ಹೋಳಿನಿಂದ ಕೆನ್ನೆ ಉಜ್ಜುತ್ತಿದ್ದಳು. ಚರ್ಮ ಸುಲಿದಿತ್ತು. ದಸರೆ ರಜೆಗೆ ಮೊದಲೇ ಶಾಲೆಗೆ ಹೋಗುವುದನ್ನು ನಿಲ್ಲಿಸಿದಳು. ಅವ್ವನಿಗೆ ಹೊಟ್ಟೆನೋವು ಎಂದು ಹೇಳಿ, ನನಗೆ ಮಾತ್ರ ಪುಟ ತೋರಿಸಿದಳು.

ಆಗ ನಾನು ಒಂದು ಪತ್ರಿಕೆಯ ಡೆಸ್ಕಿನಲ್ಲಿ ಟ್ರೈನಿ. ಆರೋಪವಿರುವ ಸುದ್ದಿಯನ್ನು ಆರೋಪ ಹೊತ್ತವರ ಮಾತು ಕೇಳದೆ ಅಚ್ಚಿಗೆ ಬಿಡಬಾರದು ಎಂಬುದು ಅಲ್ಲಿ ಕಲಿತ ಮೊದಲ ನಿಯಮ. ಪುಟವನ್ನು ಪ್ರಿಂಟ್ ಹಾಕಿಸಿದೆ. ಶಾಲೆಗೆ ಕೊಡಲಿಲ್ಲ. ನವರಾತ್ರಿಯ ಶುಕ್ರವಾರಕ್ಕೆ ಕಾದೆ.

ಪ್ರತಿ ವರ್ಷ ಆ ದಿನ ಹುಡುಗಿಯ ತಾಯಿ ಗಲ್ಲಿಯ ಹೆಂಗಸರನ್ನೆಲ್ಲ ಅರಿಷಿಣ-ಕುಂಕುಮಕ್ಕೆ ಕರೆಯುತ್ತಿದ್ದರು. ನಾವು ಅವರನ್ನು ಕಾಕು ಎನ್ನುತ್ತಿದ್ದೆವು. ಕಾಕುವಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬಣ್ಣದಲ್ಲಿ ನನ್ನ ತಂಗಿಗಿಂತ ಒಂದು ಕೈ ಹೆಚ್ಚೇ ಕಪ್ಪು. ಅದು ಗೊತ್ತಿದ್ದೇ ಹೋಗಿದ್ದೆ.

ಕುಂಕುಮ ಹಚ್ಚುತ್ತ ಕಾಕು ಕೇಳಿದರು: “ಏನವ್ವಾ, ನಿಮ್ಮ ಪೇಪರ್‌ನ್ಯಾಗ ಏನ್ ಸುದ್ದಿ?”

“ಒಂದು ಐತ್ರಿ ಕಾಕು. ನಿಮ್ಮ ಮನೀದೇ. ನಿಮ್ಮನ್ನ ಕೇಳೂಣಂತ ಬಂದೀನ್ರಿ.”

ಒಂದೊಂದು ಸಾಲನ್ನೂ ಇಂಗ್ಲಿಷಿನಲ್ಲಿ ಓದಿ, ಕಾಕುವಿಗೆ ತಿಳಿಯುವ ಕನ್ನಡದಲ್ಲಿ ಹೇಳಿದೆ. ದನಿ ಏರಿಸಲಿಲ್ಲ, ಒಂದು ಪದವನ್ನೂ ಸೇರಿಸಲಿಲ್ಲ. ಉಡಿ ತುಂಬಿಸಿಕೊಳ್ಳಲು ಸೆರಗು ಒಡ್ಡಿದ್ದವರೊಬ್ಬರು ಒಡ್ಡಿದಂತೆಯೇ ಕುಳಿತರು. ಮಗಳು ಅಡುಗೆಮನೆಯ ಬಾಗಿಲಲ್ಲಿ ಪಾನಕದ ಲೋಟಗಳನ್ನು ಹಿಡಿದು ನಿಂತಿದ್ದಳು. ಹಬ್ಬದ ದಿನ ಇದೆಲ್ಲ ಯಾಕೆಂದು ಪಕ್ಕದ ಮನೆಯವರು ತಡೆಯಲು ನೋಡಿದರು.

“ಪೂರಾ ಓದವ್ವಾ,” ಎಂದರು ಕಾಕು. “ಏನೂ ಬಿಡಬ್ಯಾಡ.”

ಪೂರಾ ಓದಿದೆ. ಕಾಕು ಮಗಳ ಕಡೆ ತಿರುಗಿದರು.

“ನನ್ನ ಫೋಟೊನೂ ಹಾಕೀಯೇನು ಅದರಾಗ?”

ಹುಡುಗಿ ಅಳತೊಡಗಿದಳು. ಅದನ್ನು ಕಣ್ತುಂಬ ನೋಡಿ, ಎಲೆ-ಅಡಿಕೆ ತೆಗೆದುಕೊಂಡು ಬಂದೆ.

ಮರುದಿನ ಪುಟ ಇರಲಿಲ್ಲ. ಆ ಹುಡುಗಿ ಗಲ್ಲಿಯಲ್ಲಿ ಎದುರಾದಾಗಲೆಲ್ಲ ಹೆಂಗಸರು, ನಮ್ಮದೊಂದು ಫೋಟೊ ಹಾಕವ್ವಾ ಎಂದು ಕೆಣಕುತ್ತಿದ್ದರು. ನಾನು ಯಾರನ್ನೂ ತಡೆಯಲಿಲ್ಲ. ಹತ್ತನೇ ತರಗತಿ ಮುಗಿದದ್ದೇ ಆಕೆಯನ್ನು ಹಾಸ್ಟೆಲಿಗೆ ಹಾಕಿದರು. ತಂಗಿ ದಸರೆ ರಜೆ ಮುಗಿದ ಮೇಲೆ ಶಾಲೆಗೆ ಹೋಗಿದ್ದಳು. ನಿಂಬೆಹಣ್ಣು ಬಿಡಲಿಲ್ಲ. ಗ್ರೂಪ್ ಫೋಟೊದ ದಿನ ಮನೆಯಲ್ಲೇ ಉಳಿದಳು.

ಈಗ ತಂಗಿ ನಗರದ ಇನ್ನೊಂದು ತುದಿಯ ಗಚ್ಚಿಬೌಲಿಯಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ತಿಂಗಳು ಆ ಹುಡುಗಿ ಬೇರೊಂದು ಜಾಲತಾಣದಲ್ಲಿ ಅವಳಿಗೆ ಸ್ನೇಹದ ಕೋರಿಕೆ ಕಳಿಸಿದಳು. ಒಪ್ಪಬೇಡ, ತಿರಸ್ಕರಿಸಲೂ ಬೇಡ, ಕಾಯಲಿ ಎಂದೆ. ಕೋರಿಕೆ ಹಾಗೆಯೇ ಇದೆ. ತಂಗಿಯ ಖಾತೆಯಲ್ಲಿ ಮುಖದ ಜಾಗದಲ್ಲಿ ದಾಸವಾಳದ ಚಿತ್ರವಿದೆ.